ತಕ್ಕಡಿಗೆ ಹಾಕುವ ಮುನ್ನ: ಗುಜರಿ ಅಂಗಡಿಯ ಅಣ್ಣನಿಗೆ ಬಹಿರಂಗ ಪತ್ರ

ಆಂಡರ್ಸನ್‌ಪೇಟೆ

ಅಣ್ಣನವರೇ,

ನಿಮ್ಮ ಹೆಸರು ಬರೆಯುವುದಿಲ್ಲ. ಬರೆದರೆ ಇದು ನಿಮ್ಮೊಬ್ಬರ ಮೇಲಿನ ದೂರಾಗಿಬಿಡುತ್ತದೆ. ನಾನು ಹೇಳಬೇಕಾದದ್ದು ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಗುಜರಿ ಅಂಗಡಿಯವರಿಗೆಲ್ಲ ಸಲ್ಲುವ ಮಾತು. ಅಲ್ಲಿಗೆ ಪೆಟ್ಟಿಗೆ ಹೊತ್ತು ಬರುವ ಮನೆಯವರಿಗೂ, ಅಗ್ಗಕ್ಕೆ ಸಿಕ್ಕೀತೇ ಎಂದು ಅಲ್ಲಿ ಕಾದು ನಿಲ್ಲುವ ನನ್ನಂಥ ಮರಗೆಲಸದವರಿಗೂ ಸಲ್ಲುತ್ತದೆ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ನಿಮ್ಮ ಅಂಗಡಿಯಲ್ಲಿ ನಾನಿದ್ದೆ. ಗಣಿ ಲೈನ್ ಮನೆಗಳ ಕಡೆಯಿಂದ ಒಬ್ಬ ಅಮ್ಮ ಆಟೋದಲ್ಲಿ ಮರದ ಪೆಟ್ಟಿಗೆ ಇಳಿಸಿದರು. ಮುಚ್ಚಳದ ಮೇಲೆ ಯಾವುದೋ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. "ಮನೆಯವರದ್ದು. ಅವರು ಹೋಗಿ ಎರಡು ವರ್ಷ ಆಯ್ತು. ಮಗ ಬೆಂಗಳೂರಲ್ಲಿ ಕಂಪನಿ ಕೆಲಸ, ಇದು ಅವನಿಗೆ ಬೇಡವಂತೆ" ಎಂದರು. ನೀವು ಪೆಟ್ಟಿಗೆಯನ್ನು ನೆಲಕ್ಕೆ ಬಗ್ಗಿಸಿದಿರಿ. ಕಬ್ಬಿಣ ಒಂದು ಕಡೆ, ಮರ ಒಂದು ಕಡೆ. ಎರಡು ಮರದ ಹತ್ತರಿಗಳ ಬೆಣೆ ಬಡಿದು, ಅಲಗುಗಳನ್ನು ಎಳೆದು ಕಬ್ಬಿಣದ ರಾಶಿಗೆ ಹಾಕಿದಿರಿ. ಹತ್ತರಿಯ ಮರ ಚಹಾ ಅಂಗಡಿಯ ಒಲೆಗೆ ಹೋಗುವ ಮೂಟೆ ಸೇರಿತು. ಕಬ್ಬಿಣ ಒಂಬತ್ತು ಕಿಲೋ ಮುನ್ನೂರು ಗ್ರಾಂ ತೂಗಿತು. ಕಿಲೋಗೆ 32ರಂತೆ 297 ರೂಪಾಯಿ 60 ಪೈಸೆ. ನೀವು 300 ಕೊಟ್ಟಿರಿ. ತೂಕದಲ್ಲಿ ಒಂದು ಗ್ರಾಂ ಮೋಸವಿರಲಿಲ್ಲ. ಆ ಅಮ್ಮನೂ ಜಗಳ ಆಡಲಿಲ್ಲ, ದುಡ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.

ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಅಣ್ಣ, ನಾವಿಬ್ಬರೂ ಇದೇ ಮಣ್ಣಿನವರು. ಕಲ್ಲಿಗೆ ತೂಕದ ಮೇಲೆ ಬೆಲೆ ಕಟ್ಟಬಾರದು ಎಂದು ಈ ಊರಿಗಿಂತ ಚೆನ್ನಾಗಿ ಬಲ್ಲ ಊರು ಇಡೀ ದೇಶದಲ್ಲಿ ಎಲ್ಲಿದೆ? 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಚಿನ್ನದ ಗಣಿಗೆ ಬೀಗ ಬೀಳುವವರೆಗೆ, ಅದಿರು ಮೇಲೆ ಬಂದರೆ ಮೊದಲು ಮಾದರಿ ತೆಗೆಯುತ್ತಿದ್ದರು, ಅಸ್ಸೇಗೆ, ಅಂದರೆ ಚಿನ್ನದ ಅಂಶ ಅಳೆಯುವ ಪರೀಕ್ಷೆಗೆ, ಕಳಿಸುತ್ತಿದ್ದರು. ಇಡೀ ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಚಿನ್ನವಿದೆ ಎಂಬುದೇ ಆ ಕಲ್ಲಿನ ಬೆಲೆ. ಕೊನೆಗಾಲಕ್ಕೆ ಅದು ಟನ್ನಿಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಅಷ್ಟಕ್ಕೂ ಲೆಕ್ಕ ಇಟ್ಟವರು ನಾವು. ನಮ್ಮ ಮನೆಗಳ ಹಿಂದೆ ನಿಂತಿರುವ ಸೈನೈಡ್ ಗುಡ್ಡಗಳನ್ನೇ ನೋಡಿ. ಅದು ಅರೆದು, ಚಿನ್ನ ತೆಗೆದು, ಬಿಸಾಡಿದ ಮಣ್ಣು. ಅದರಲ್ಲೂ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನ ಉಳಿದಿದೆ ಎಂದು ಅಳೆದು, 2024ರ ಜೂನ್‌ನಲ್ಲಿ ಅಂಥ 13 ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಬಿಸಾಡಿದ ಮಣ್ಣಿಗೂ ಅಸ್ಸೇ ಇದೆ. ಆ ಗಣಿಯ ಬಡಗಿ ಮೂವತ್ತು ವರ್ಷ ಹಿಡಿದ ಉಳಿಗೆ ಯಾಕಿಲ್ಲ?

ನನ್ನ ಅಪ್ಪನೂ ಗಣಿಯ ಬಡಗಿ ಶಾಪಿನಲ್ಲಿದ್ದವರು. ಗಣಿಯೆಂದರೆ ಕಲ್ಲು, ಕಬ್ಬಿಣ ಎಂದು ಹೊರಗಿನವರು ತಿಳಿಯುತ್ತಾರೆ. ಮರವಿಲ್ಲದೆ ಗಣಿ ಒಂದು ದಿನ ನಡೆಯುತ್ತಿರಲಿಲ್ಲ. ಕೆಳಗೆ ಸುರಂಗಕ್ಕೆ ಆಸರೆ, ಮೇಲೆ ಬಾಗಿಲು, ಕಿಟಕಿ, ಏಣಿ, ಆಫೀಸಿನ ಮೇಜು, ಆಸ್ಪತ್ರೆಯ ಬೆಂಚು, ಎಲ್ಲದಕ್ಕೂ ಬಡಗಿ ಬೇಕು. ಆ ಶಾಪಿನಲ್ಲಿ ಒಂದೇ ಸಾಮಾನಿಗೆ ಮೂರು ಹೆಸರು ಓಡಾಡುತ್ತಿದ್ದವು. ನಾವು ಹತ್ತರಿ ಎಂದರೆ ತಮಿಳಿನವರು ಇಳೈಪ್ಪುಳಿ, ತೆಲುಗಿನವರು ಚಿತ್ರಿಕ. ನಾವು ಗರಗಸ ಎಂದರೆ ಅವರಲ್ಲಿ ಒಬ್ಬರು ರಂಬಂ, ಇನ್ನೊಬ್ಬರು ರಂಪಂ. ಉಳಿ ಮಾತ್ರ ಹೆಚ್ಚುಕಡಿಮೆ ಮೂವರಿಗೂ ಉಳಿಯೇ. ಅಪ್ಪ ತಮ್ಮ ಸ್ವಂತದ ಉಪಕರಣಗಳನ್ನು ಒಂದು ತೇಗದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಗಣಿ ನಿಂತ ಮೂರನೆಯ ವರ್ಷ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂತು. ನಾನು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸು ಬರುತ್ತಿದ್ದ ಕಾಲ. ಒಂದು ರಾತ್ರಿ ಬಂದು ನೋಡಿದರೆ ಪೆಟ್ಟಿಗೆಯಿದ್ದ ಜಾಗದಲ್ಲಿ ನೆಲದ ಬಣ್ಣ ಮಾತ್ರ ಬೇರೆಯಾಗಿತ್ತು. "ಎಷ್ಟಕ್ಕೆ ಹೋಯ್ತಪ್ಪಾ?" ಎಂದೆ. ಅಪ್ಪ ರೂಪಾಯಿ ಹೇಳಲಿಲ್ಲ. "ಹದಿನಾಲ್ಕು ಕಿಲೋ" ಎಂದರು.

ಆ ಉತ್ತರ ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಆಮೇಲೆ ನಾನೂ ಮರಗೆಲಸಕ್ಕೇ ಬಂದೆ. ಹಳೆ ಉಪಕರಣ ಕೊಳ್ಳುತ್ತಾ, ಸರಿಮಾಡುತ್ತಾ, ಬೇಡವಾದದ್ದನ್ನು ಮಾರುತ್ತಾ ಕಲಿತದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ. ಇದರಲ್ಲಿ ಗುಟ್ಟೇನೂ ಇಲ್ಲ. ಉಪಕರಣದಲ್ಲಿ ಇನ್ನೆಷ್ಟು ಕೆಲಸ ಉಳಿದಿದೆ, ಆ ಕೆಲಸ ತೆಗೆಯಲು ಎಷ್ಟು ಖರ್ಚಾಗುತ್ತದೆ ಎಂಬ ಎರಡೇ ಪ್ರಶ್ನೆ.

ಕಬ್ಬಿಣದ ಹತ್ತರಿಯಿಂದ ಶುರುಮಾಡೋಣ, ಏಕೆಂದರೆ ಅತಿ ಹೆಚ್ಚು ಅನ್ಯಾಯ ಆಗುವುದು ಅದಕ್ಕೇ. ಆ ಅಮ್ಮನ ಪೆಟ್ಟಿಗೆಯಲ್ಲಿದ್ದದ್ದು ರೆಕಾರ್ಡ್ ಕಂಪನಿಯ 5ನೇ ನಂಬರು, ಇಂಗ್ಲೆಂಡಿನ ಶೆಫೀಲ್ಡ್‌ನದ್ದು. ನೀಲಿ ಬಣ್ಣ ಅಲ್ಲಲ್ಲಿ ಉಳಿದಿತ್ತು. ತೂಕಕ್ಕೆ ಹಾಕಿದರೆ ಎರಡು ಕಿಲೋ ಚಿಲ್ಲರೆ, ಎಪ್ಪತ್ತು ರೂಪಾಯಿ. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ. ತಳದ ಮಧ್ಯೆ ಅಲಗು ಹೊರಬರುವ ಬಾಯಿ ಇದೆಯಲ್ಲ, ಅದರ ಎರಡು ಮೂಲೆಗಳನ್ನು ಮೊದಲು ನೋಡಬೇಕು. ಹತ್ತರಿಯ ಮೈ ಬೀಡುಕಬ್ಬಿಣ. ಕೈ ಜಾರಿ ಸಿಮೆಂಟಿನ ನೆಲಕ್ಕೆ ಬಿದ್ದರೆ ಬಗ್ಗುವುದಿಲ್ಲ, ಸೀಳುತ್ತದೆ, ಸೀಳುವುದು ಹೆಚ್ಚಾಗಿ ಆ ಮೂಲೆಯಿಂದ ಪಕ್ಕದ ಗೋಡೆಗೆ. ಸೀಳು ಕೂದಲಿನಷ್ಟು ಸಣ್ಣದಿದ್ದರೆ ಕಣ್ಣಿಗೆ ಕಾಣದು. ಅದಕ್ಕೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಸೀಳಿದ್ದರೆ ಒಳಗೆ ಹೀರಿಕೊಂಡ ಎಣ್ಣೆ ನಿಧಾನವಾಗಿ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಅಪ್ಪ ನನಗೆ ಕಲಿಸಿದ ಮೊದಲ ಪರೀಕ್ಷೆ ಇದು. ಗೆರೆ ಬಂದರೆ ಆ ಹತ್ತರಿ ಬಿಡಿಭಾಗಗಳ ಬೆಲೆಗೆ ಮಾತ್ರ. ಬರದಿದ್ದರೆ ಮುಂದಕ್ಕೆ ಹೋಗೋಣ.

ಅಲಗನ್ನು ಬಿಚ್ಚಿ. ಮಧ್ಯದಲ್ಲಿ ಉದ್ದಕ್ಕೆ ಸೀಳಿದಂಥ ಕಂಡಿ ಇರುತ್ತದೆ. ಕಂಡಿ ಮುಗಿಯುವಲ್ಲಿಂದ ಬಾಯಿವರೆಗೆ ಎಷ್ಟು ಉಕ್ಕು ಉಳಿದಿದೆಯೋ ಅಷ್ಟೇ ಅಲಗಿನ ಆಯಸ್ಸು. ಸಾಣೆ ಹಿಡಿದಷ್ಟೂ ಅದು ಸವೆಯುತ್ತದೆ. ಮುಕ್ಕಾಲು ಇಂಚು ಉಳಿದಿದ್ದರೂ ಒಬ್ಬ ಬಡಗಿಗೆ ಹಲವು ವರ್ಷ. ಮೇಲಿನ ತುಕ್ಕಿಗೆ ಹೆದರಬೇಡಿ. ಕಂದು ಪುಡಿ ತುಕ್ಕು ಒಂದು ಸಂಜೆಯ ಕೆಲಸ. ಅಲಗಿನ ಬೆನ್ನಿಗೆ ಬಿದ್ದ ಗುಳಿ ತುಕ್ಕು ಮಾತ್ರ ಬೇರೆ ಮಾತು, ಅದನ್ನು ಉಳಿಯ ಹತ್ತಿರ ಹೇಳುತ್ತೇನೆ. ಹಿಡಿ ಒಡೆದಿದ್ದರೆ? ಬೀಟೆಯ ತುಂಡಿನಲ್ಲಿ ಹೊಸದು ಕೆತ್ತಬಹುದು.

ಇಲ್ಲಿ ಮಾರುವವರಿಗೂ ಒಂದು ಮಾತು. "ಬ್ರಿಟಿಷರ ಕಾಲದ್ದು, ಐದು ಸಾವಿರ ಕೊಡಿ" ಎಂದು ಸೀಳುಬಿಟ್ಟ ಹತ್ತರಿ ಹಿಡಿದು ಬರುವವರನ್ನೂ ನೋಡಿದ್ದೇನೆ. ಮೇಡ್ ಇನ್ ಇಂಗ್ಲೆಂಡ್ ಎಂಬ ಅಕ್ಷರ ಮರ ಕೆತ್ತುವುದಿಲ್ಲ. ಹೆಸರಿಗೆ ಬೆಲೆ ಇದೆ, ಒಳ್ಳೆಯ ಉಕ್ಕು ಇರಬಹುದೆಂಬ ನಂಬಿಕೆಯ ಬೆಲೆ. ಆ ನಂಬಿಕೆ ಸೀಳಿನ ಗೆರೆಯ ಮುಂದೆ ನಿಲ್ಲದು. ಅಮೆರಿಕದ ಸ್ಟ್ಯಾನ್ಲಿಯಾಗಲಿ, ನಮ್ಮ ದೇಶದ ಅನಂತ್ ಆಗಲಿ ಪರೀಕ್ಷೆ ಒಂದೇ.

ಉಳಿಗಳಿಗೆ ಬರುತ್ತೇನೆ. ಇದು ನನಗೆ ಬಲು ಪ್ರೀತಿಯ ವಿಷಯ, ಸ್ವಲ್ಪ ತಾಳ್ಮೆಯಿಂದ ಓದಿ. ಹಳೆಯ ಉಳಿಗಳ ಕುತ್ತಿಗೆಯ ಮೇಲೆ ಕಾಸ್ಟ್ ಸ್ಟೀಲ್ ಎಂದು ಗುದ್ದಿರುತ್ತದೆ. ಅದನ್ನು ಓದಿ ನಿಮ್ಮ ಹುಡುಗ "ಇದು ಬೀಡುಕಬ್ಬಿಣ, ಕಡಿಮೆ ರೇಟು" ಎಂದು ಆ ರಾಶಿಗೆ ಎಸೆದ. ತಪ್ಪು ಅವನದ್ದಲ್ಲ, ಯಾರೂ ಹೇಳಿಕೊಟ್ಟಿಲ್ಲ. ಬೀಡಿಗೂ ಅದಕ್ಕೂ ಸಂಬಂಧವಿಲ್ಲ. ಅದು ಮೂಸೆಯಲ್ಲಿ ಕರಗಿಸಿ ಅಚ್ಚಿಗೆ ಎರೆದ ಉಕ್ಕು. 1740ರ ದಶಕದಲ್ಲಿ ಶೆಫೀಲ್ಡ್‌ನ ಬೆಂಜಮಿನ್ ಹಂಟ್ಸ್‌ಮನ್ ಅಲ್ಲಿ ಅದನ್ನು ಕುದುರಿಸಿದ. ಅದಕ್ಕೂ ಎಷ್ಟೋ ಶತಮಾನ ಮೊದಲೇ ನಮ್ಮ ದಕ್ಷಿಣದ ಕಮ್ಮಾರರು ಮೂಸೆಯಲ್ಲೇ ಉಕ್ಕು ಮಾಡುತ್ತಿದ್ದರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಲೋಕವೆಲ್ಲ ವೂಟ್ಸ್ ಎಂದು ಕರೆದ ಆ ಲೋಹದ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಹೋದದ್ದೆಂದು ಬಲ್ಲವರು ಹೇಳುತ್ತಾರೆ. ಕಾಸ್ಟ್ ಸ್ಟೀಲ್ ಎಂದು ಬರೆದ ಉಳಿ ನಿಮ್ಮ ರಾಶಿಯಲ್ಲಿ ಕಂಡರೆ ತೆಗೆದು ಬೇರೆ ಇಡಿ ಅಣ್ಣ. ಅದು ಬಾಯಿ ಹಿಡಿಯುವ ಸೊಗಸೇ ಬೇರೆ.

ಉಳಿಯನ್ನು ನೋಡುವುದು ಬೆನ್ನಿನಿಂದ. ಇಳಿಜಾರಿನ ಕಡೆ ಎಷ್ಟು ತುಕ್ಕಿದ್ದರೂ ಸಾಣೆಯಲ್ಲಿ ಹೋಗುತ್ತದೆ. ಬೆನ್ನು ಚಪ್ಪಟೆ ಇರಬೇಕು, ಅದರ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು ಇರಬಾರದು. ಬಾಯಿಯೆಂದರೆ ಇಳಿಜಾರು ಮತ್ತು ಬೆನ್ನು ಕೂಡುವ ಗೆರೆ. ಬೆನ್ನಿನಲ್ಲಿ ಗುಳಿಯಿದ್ದರೆ ಸವೆಯುತ್ತಾ ಬಂದ ಬಾಯಿ ಒಂದಲ್ಲ ಒಂದು ದಿನ ಗುಳಿಗೆ ಸೇರುತ್ತದೆ, ಅಲ್ಲಿ ಮುಕ್ಕಾಗುತ್ತದೆ. ಎರಡನೆಯದು ಬಣ್ಣ. ತುದಿಯಲ್ಲಿ ನೀಲಿ ಕಂಡರೆ ಯಾರೋ ಗ್ರೈಂಡರಿಗೆ ಒತ್ತಿ ಹಿಡಿದು ಹದ ಕೆಡಿಸಿದ್ದಾರೆ. ಆ ನೀಲಿ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ಉಜ್ಜಿ ತೆಗೆಯಬೇಕು. ಉಳಿದ ಉದ್ದಕ್ಕೆ ಮಾತ್ರ ಬೆಲೆ. ಹಿಡಿಯ ತಲೆ ಸುತ್ತಿಗೆಯ ಪೆಟ್ಟಿಗೆ ಅಣಬೆಯಂತೆ ಅರಳಿದ್ದರೆ ಅದನ್ನು ಹಿಡಿದವನಿಗೆ ಕೊಡತಿ ಬಳಸುವ ಅಭ್ಯಾಸ ಇರಲಿಲ್ಲ ಎಂದರ್ಥ, ಉಳಿದ ಸಾಮಾನನ್ನೂ ಇನ್ನಷ್ಟು ಎಚ್ಚರದಿಂದ ನೋಡಬೇಕು. ಆ ಅಮ್ಮನ ಐದು ಉಳಿಗಳ ಹಿಡಿಗಳೂ ನುಣುಪಾಗಿದ್ದವು. ಒಳ್ಳೆಯ ಕೈ ಅದು.

ಗರಗಸದಲ್ಲಿ ಹಲ್ಲು ಮುರಿದಿದ್ದರೆ ಚಿಂತೆಯಿಲ್ಲ, ಅರ ಹಾಕಿ ಹೊಸ ಸಾಲು ತೆಗೆಯಬಹುದು. ಒಂದು ಕಣ್ಣು ಮುಚ್ಚಿ ಹಲ್ಲಿನ ಗೆರೆಯ ಉದ್ದಕ್ಕೂ ನೋಡಿ. ತಗಡು ಒಂದೇ ಜಾಗದಲ್ಲಿ ಮುರಿದು ಮಡಚಿದಂತಿದ್ದರೆ ಅದು ಕಷ್ಟ. ತುದಿ ಹಿಡಿದು ಬಾಗಿಸಿ ಬಿಟ್ಟರೆ ನೇರಕ್ಕೆ ವಾಪಸು ಬರಬೇಕು. ಹೊಸ ಕಾಲದ ಕೆಲವು ಗರಗಸಗಳ ಹಲ್ಲಿನ ತುದಿ ಮಾತ್ರ ಕಪ್ಪುನೀಲಿ ಇರುತ್ತದೆ. ಅದು ಕಾರ್ಖಾನೆಯಲ್ಲೇ ಗಟ್ಟಿ ಮಾಡಿದ ಹಲ್ಲು. ಅರ ಅದನ್ನು ಕಡಿಯುವುದಿಲ್ಲ, ಮೊಂಡಾದರೆ ಮುಗಿಯಿತು. ಅಂಥದ್ದನ್ನು ಧಾರಾಳವಾಗಿ ತಕ್ಕಡಿಗೆ ಹಾಕಿ, ನಾನೇ ಹಾಕಿಕೊಡುತ್ತೇನೆ. ಆ ಪೆಟ್ಟಿಗೆಯಲ್ಲಿ ಅಂಥದ್ದೊಂದಿತ್ತು. ಅದರ ಪಕ್ಕದಲ್ಲೇ ಹಿಡಿಯಲ್ಲಿ ಹಿತ್ತಾಳೆಯ ಬಿಲ್ಲೆಯಿದ್ದ ಇಪ್ಪತ್ನಾಲ್ಕು ಇಂಚಿನ ಡಿಸ್ಟನ್ ಗರಗಸವೂ ಇತ್ತು, ಫಿಲಡೆಲ್ಫಿಯಾದ ಹೆಸರು ಬಿಲ್ಲೆಯ ಮೇಲೆ ಓದುವಂತಿತ್ತು. ಎರಡಕ್ಕೂ ಒಂದೇ ದರ ಬಿತ್ತು.

ಮೂಲೆಮಟ್ಟಕ್ಕೆ ಒಂದು ಪೆನ್ಸಿಲ್ ಸಾಕು. ನೇರ ಅಂಚಿನ ಹಲಗೆಗೆ ಒತ್ತಿ ಗೆರೆ ಎಳೆಯಿರಿ, ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಗೆರೆ ಕೂಡಿದರೆ ಮೂಲೆ ಸರಿ, ಕವಲೊಡೆದರೆ ತಪ್ಪು. ಕೈ ಬೈರಿಗೆಯಲ್ಲಿ ಗಾಲಿಯ ಹಲ್ಲು, ಬಿಟ್ ಹಿಡಿಯುವ ದವಡೆ ನೋಡಿದರಾಯಿತು. ಕರೆಂಟಿನ ಡ್ರಿಲ್ಲು, ಕಟ್ಟರುಗಳಲ್ಲಿ ಕಾರ್ಬನ್ ಬ್ರಷ್ ಸವೆದಿದ್ದರೆ ಅಗ್ಗದ ರಿಪೇರಿ, ಆರ್ಮೇಚರ್ ಸುಟ್ಟ ವಾಸನೆ ಇದ್ದರೆ ದುಬಾರಿ. ದೊಡ್ಡ ಮೆಷಿನ್ನುಗಳನ್ನು ಓಡಿಸಿ, ನಿಲ್ಲಿಸಿ, ಬೇರಿಂಗಿನ ಸದ್ದು ಕೇಳದೆ ಯಾರೂ ಬೆಲೆ ಹೇಳಬಾರದು.

ಮರದ ಹತ್ತರಿಯ ವಿಷಯಕ್ಕೆ ನನ್ನ ಸಂಕಟವೇ ಬೇರೆ. ತಕ್ಕಡಿ ಅದನ್ನು ಸಾಮಾನು ಎಂದೇ ಒಪ್ಪುವುದಿಲ್ಲ. ಬಡಗಿ ತಾನೇ ಗಟ್ಟಿಮರ ಆರಿಸಿ, ವರ್ಷ ಒಣಗಿಸಿ, ತನ್ನ ಅಂಗೈಗೆ ತಕ್ಕಂತೆ ಕೆತ್ತಿಕೊಂಡ ಮೈ ಅದು. ತಳ ಸವೆದರೆ ಇನ್ನೊಂದು ಹತ್ತರಿಯಿಂದ ಕೀಸಿ ನೇರ ಮಾಡಬಹುದು. ಬಾಯಿ ಅಗಲವಾದರೆ ಒಂದು ಚೂರು ಮರ ಕೂರಿಸಬಹುದು. ಹೆಬ್ಬೆರಳು ಊರಿದಲ್ಲಿ ಗುಳಿ ಬಿದ್ದಿರುತ್ತದೆ. ಅಂಥ ಹತ್ತರಿ ಒಲೆಗೆ ಹೋದರೆ ಒಂದು ಲೋಟ ಚಹಾ ಕಾಯುತ್ತದೆ.

ಈಗ ಲೆಕ್ಕ. ಕೆಡದೆ ಇರುವ ಹಳೆ ಉಪಕರಣಕ್ಕೆ, ಅದೇ ಗುಣದ ಹೊಸದರ ಅರ್ಧ ಬೆಲೆಯಿಂದ ಶುರುಮಾಡುತ್ತೇನೆ. ಅದರಲ್ಲಿ ಸವೆತವನ್ನೂ ರಿಪೇರಿಯನ್ನೂ ಕಳೆಯುತ್ತೇನೆ. ಆ 5ನೇ ನಂಬರಿನ ಗುಣದ ಹೊಸ ಹತ್ತರಿಗೆ ನಾನು ವಿಚಾರಿಸಿದ ಅಂಗಡಿಯಲ್ಲಿ 4,000 ಹೇಳಿದರು. ಅರ್ಧ 2,000. ಒಡೆದ ಹಿಡಿಗೆ, ಸವೆದ ಅಲಗಿಗೆ 500 ಕಳೆದರೆ 1,500. ಮರದ ಹತ್ತರಿ ಎರಡಕ್ಕೆ 500. ಮೂರು ಒಳ್ಳೆಯ ಉಳಿ 150ರಂತೆ, ಗುಳಿಬಿದ್ದ ಎರಡು 40ರಂತೆ, ಒಟ್ಟು 530. ಡಿಸ್ಟನ್ ಗರಗಸ 600. ಕೈ ಬೈರಿಗೆ 250. ಸಾಣೆಕಲ್ಲು 150, ಅದನ್ನಂತೂ ನೀವು ತೂಗಲೇ ಇಲ್ಲ. ಮೂಲೆಮಟ್ಟ ತಪ್ಪು ತೋರಿಸುತ್ತಿತ್ತು, ಅದಕ್ಕೆ ಸೊನ್ನೆ. ಎಲ್ಲ ಸೇರಿ 3,530. ಇದು ಬಳಸುವವನು ಸಂತೋಷದಿಂದ ಕೊಡುವ ಬೆಲೆ.

ಅಷ್ಟನ್ನೂ ನೀವು ಆ ಅಮ್ಮನಿಗೆ ಕೊಡಬೇಕಿತ್ತು ಎಂದು ನಾನು ಹೇಳುವುದಿಲ್ಲ. ನಿಮಗೆ ಅಂಗಡಿ ಬಾಡಿಗೆ ಇದೆ. ಗಿರಾಕಿ ಬರುವವರೆಗೆ ಸಾಮಾನು ಕೂರುತ್ತದೆ, ಕೆಲವು ಮಾರುವುದೇ ಇಲ್ಲ. ಎಲ್ಲಿಂದ ಬಂತೆಂದು ತಿಳಿಯದ ಸಾಮಾನು ಕೊಂಡರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದವರೂ ನೀವೇ. ಅದಕ್ಕೆಲ್ಲ ಮೂರರಲ್ಲಿ ಒಂದು ಪಾಲು ನ್ಯಾಯ ಎನ್ನುತ್ತೇನೆ. ಉಳಿದ ಎರಡು ಪಾಲು, ಸರಿಸುಮಾರು 2,350 ರೂಪಾಯಿ, ತಂದವರದ್ದು. ನಿಮಗೂ ಆಗ ಸಾವಿರದ ಮೇಲೆ ಸಿಗುತ್ತದೆ. ಲೋಡಿಗೆ ಹಾಕಿದರೆ ಒಂಬತ್ತು ಕಿಲೋ ಕಬ್ಬಿಣದ ಮೇಲೆ ಎಷ್ಟು ಸಿಕ್ಕೀತು, ನೀವೇ ಹೇಳಿ.

ಗಿರಾಕಿಗಳಿಲ್ಲ ಎನ್ನಬೇಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಯೊಬ್ಬನಿಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ವೋಚರ್ ಇಟ್ಟಿದ್ದಾರೆ. ಕೆಲಸ ಶುರುಮಾಡಲು ಎಷ್ಟು ಬೇಕೆಂಬ ಅಂದಾಜು ಅದರಲ್ಲೇ ಇದೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಇಂಟೀರಿಯರ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರನ್ನು ಕೇಳಿ. ಸಾಣೆಗೆ ಬಾಯಿ ಹಿಡಿಯದ ಹೊಸ ಉಳಿಗೆ ದುಡ್ಡು ಸುರಿದು ಬೇಸತ್ತಿದ್ದಾರೆ. ಅವರಪ್ಪಂದಿರ ಉಳಿ ನಿಮ್ಮ ಅಂಗಡಿಯಿಂದ ಲಾರಿ ಹತ್ತಿ ಕುಲುಮೆಗೆ ಹೋಗುತ್ತಿದೆ.

ಇನ್ನು ನನ್ನ ತಪ್ಪು. ಆ ದಿನ ನಾನು ಸುಮ್ಮನಿದ್ದದ್ದು ನಿಮ್ಮ ಮೇಲಿನ ಗೌರವಕ್ಕಲ್ಲ. ಬಾಯಿಬಿಟ್ಟರೆ ಬೆಲೆ ಏರುತ್ತದೆ, ಹತ್ತರಿಗಳು ನನಗೆ ಸಿಗುವುದಿಲ್ಲ ಎಂಬ ಭಯಕ್ಕೆ. ಅಮ್ಮ ಹೋದ ಮೇಲೆ ಮೂಟೆಯಿಂದ ಆ ಎರಡು ಮರದ ಮೈಗಳನ್ನು 50ಕ್ಕೂ, ಅವುಗಳ ಅಲಗನ್ನು 40ಕ್ಕೂ ಕೊಂಡೆ. 500 ಬಾಳುವುದನ್ನು 90ಕ್ಕೆ ತಂದೆ. ಅಪ್ಪನ ಹದಿನಾಲ್ಕು ಕಿಲೋ ತೂಗಿಸಿಕೊಂಡಾಗಲೂ ಯಾರೋ ಬಲ್ಲವನೊಬ್ಬ ಪಕ್ಕದಲ್ಲಿ ಹೀಗೇ ಬಾಯಿ ಮುಚ್ಚಿಕೊಂಡು ನಿಂತಿದ್ದನೇನೋ. ಆ ಯೋಚನೆ ಬಂದ ಮೇಲೆ ನಾಲ್ಕು ರಾತ್ರಿ ನಿದ್ದೆ ಹತ್ತಲಿಲ್ಲ.

ಮೊನ್ನೆ ಲೈನ್ ಮನೆ ಹುಡುಕಿಕೊಂಡು ಹೋಗಿ ಆ ಅಮ್ಮನಿಗೆ 410 ರೂಪಾಯಿ ಕೊಟ್ಟು ಬಂದೆ. ಮೊದಲು ತೆಗೆದುಕೊಳ್ಳಲಿಲ್ಲ. "ಅಂಗಡಿಯವರು ತೂಕ ಸರಿಯಾಗೇ ಹಾಕಿದರಲ್ಲಪ್ಪಾ" ಎಂದರು. ದೊಡ್ಡ ಹತ್ತರಿಯ ಅಲಗು ಹೇಗೆ ಬಿಚ್ಚುವುದೆಂದು ಅವರಿಗೇ ಗೊತ್ತಿತ್ತು. ಗಂಡ ಭಾನುವಾರ ಸಾಣೆ ಹಿಡಿಯುವಾಗ ಕಲ್ಲಿಗೆ ಎಣ್ಣೆ ಹನಿಸುತ್ತಿದ್ದವರು ಅವರೇ.

ಅವರಿಗೆ ಸಲ್ಲಬೇಕಾದ 2,350ರಲ್ಲಿ ನಿಮ್ಮ 300, ನನ್ನ 410 ಕಳೆದರೆ ಇನ್ನು 1,640 ಉಳಿದಿದೆ. ನಿಮ್ಮ ಕೈಯಿಂದ ಈಗಲೇ ಕೊಡಿ ಎನ್ನುವುದಿಲ್ಲ. 5ನೇ ನಂಬರಿನ ಹತ್ತರಿ, ಐದು ಉಳಿ, ಡಿಸ್ಟನ್ ಗರಗಸ, ಬೈರಿಗೆ ಇನ್ನೂ ಹಿಂದಿನ ಗೋಡೆಯ ಪಕ್ಕ ಇವೆ, ನಿನ್ನೆ ನೋಡಿದೆ. ದಯವಿಟ್ಟು ಈ ವಾರದ ಲೋಡಿಗೆ ಹಾಕಬೇಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಬರುತ್ತೇನೆ, ಸೀಮೆಎಣ್ಣೆ, ಸೀಮೆಸುಣ್ಣ, ಅರ ಎಲ್ಲ ನಾನೇ ತರುತ್ತೇನೆ. ನಿಮ್ಮ ಹುಡುಗನನ್ನು ಅರ್ಧ ದಿನ ನನ್ನ ಜೊತೆ ಕೂರಿಸಿ. ಬೆಲೆ ಚೀಟಿ ಅಂಟಿಸಿ ಮುಂದಿನ ಹಲಗೆಯ ಮೇಲೆ ಇಡೋಣ. ಗಿರಾಕಿಗಳನ್ನು ನಾನು ಕರೆತರುತ್ತೇನೆ, ಇಬ್ಬರು ಆಗಲೇ ಕೇಳಿದ್ದಾರೆ.

ಇಂತಿ ನಿಮ್ಮ ಬೀದಿಯ ತಮ್ಮ,
ಒಬ್ಬ ಮರಗೆಲಸದವನು